ಕುಳ್ಳಮ್ಮನ ಎಚ್ಚರ

ಹುಣಸೂರು ದಾಟಿ ಹನಗೋಡಿನ ರಸ್ತೆ ಹಿಡಿದ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದ ನೀಲಾಂಬಿಕೆಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದಾಯಿತು. ತೊಡೆಯ ಮೇಲಿಟ್ಟರೆ ಯಾರೋ ಮರೆತು ಇಳಿದುಹೋದ ಸಾಮಾನಿನ ಹಾಗೆ ಬಿದ್ದಿದ್ದವು. ಕಟ್ಟಿಕೊಂಡರೆ ಸಿಟ್ಟಾದಂತೆ ಕಂಡೀತೆಂದು ಬಿಡಿಸಿದಳು. ಮುಂದಿನ ಸೀಟಿನಲ್ಲಿ ಕಿರಣ್‌ಕುಮಾರ್ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಏನೋ ಬರೆಯುತ್ತಿದ್ದ. ಕಾರು ಹೊಂಡಕ್ಕೆ ಇಳಿದಾಗಲೆಲ್ಲ ಪರದೆ ಅವಳ ಕಡೆಗೆ ವಾಲುತ್ತಿತ್ತು, ಕೋಡಿನ ಸಾಲುಗಳು ಕಾಣುತ್ತಿದ್ದವು. ಅವು ಅವಳೇ ಬರೆದ ಸಾಲುಗಳು. ಅಕ್ಷರ ಓದಲಾಗದಷ್ಟು ದೂರವಿದ್ದರೂ ಎಲ್ಲಿ ಒಳಗೆ ಸರಿದಿವೆ, ಎಲ್ಲಿ ಜಾಗ ಬಿಟ್ಟಿದೆ ಎನ್ನುವುದರಿಂದಲೇ ಗುರುತು ಸಿಗುತ್ತಿತ್ತು, ಬಸ್‌ಸ್ಟ್ಯಾಂಡಿನ ಜನರ ನಡುವೆ ಒಡಹುಟ್ಟಿದವಳ ನಡಿಗೆ ಗುರುತು ಸಿಕ್ಕುವ ಹಾಗೆ. ತನಗೇ ಅರಿವಿಲ್ಲದೆ ಅವಳು ಸ್ವಲ್ಪ ಮುಂದಕ್ಕೆ ಬಾಗಿದ್ದಳು. ಕಿರಣ್ ತಿರುಗಿ ನೋಡದೆಯೇ ಪರದೆಯನ್ನು ಸ್ವಲ್ಪ ಮಡಚಿದ. ಬಿಸಿಲು ಬೀಳುತ್ತಿದೆ ಮೇಡಂ, ಅಂದ. ಹೊರಗೆ ಮೋಡ ಮುಚ್ಚಿತ್ತು.

ಹೋದ ದೀಪಾವಳಿಯವರೆಗೆ ಅವನು ಅವಳನ್ನು ನೀಲಾ ಎಂದೇ ಕರೆಯುತ್ತಿದ್ದ. ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು, ಮಾತಿಲ್ಲದೆ, ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತ ವರ್ಷಗಳನ್ನು ಕಳೆದಿದ್ದರು. ಆಮೇಲೆ ಮಹೇಶ ಹೋದ. ಅವಳ ಗಂಡ. ಹದಿನೈದು ದಿನ ರಜೆ ಮುಗಿಸಿ ಆಫೀಸಿಗೆ ಬಂದವಳನ್ನು ಕಂಪನಿ ನಡೆಸುವ ಶಿವಶಂಕರ್ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಅರ್ಧ ಗ್ಲಾಸು ನೀರು ಕುಡಿದು, ಒಬ್ಬರೇ ಕೂತು ಕೋಡ್ ಬರೆಯುವುದು ಈಗ ನಿಮಗೆ ಒಳ್ಳೆಯದಲ್ಲ, ಜನರ ನಡುವೆ ಬನ್ನಿ, ಇನ್ನು ಮೇಲೆ ನೀವು ಪ್ರಾಡಕ್ಟ್ ಮ್ಯಾನೇಜರ್ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ದಿನಗಳಲ್ಲಿ ಯಾರು ಏನು ಕೊಟ್ಟರೂ ಅವಳು ತೆಗೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಕೊಟ್ಟ ಗಂಜಿ, ಅತ್ತೆಯ ತಂಗಿ ತಂದ ತಿಳಿಬಣ್ಣದ ಸೀರೆ, ಓರಗಿತ್ತಿ ಹೇಳಿಕೊಟ್ಟ ಉಸಿರಾಟದ ಅಭ್ಯಾಸ. ಸರಿ ಅಂದಳು. ಸಾವಿನ ಮನೆಗೆ ಬಂದವರು ಕೈಯಲ್ಲಿ ಹಿಡಿದು ತಂದದ್ದನ್ನು ಬೇಡ ಅನ್ನುವುದು ಹೇಗೆ. ಅದು ಬಡ್ತಿ ಎಂದು ಅವಳಿಗೆ ಗೊತ್ತಾದದ್ದು ಸಂಜೆ ಎಲ್ಲರೂ ಎದ್ದು ನಿಂತು ಮೆತ್ತಗೆ ಚಪ್ಪಾಳೆ ತಟ್ಟಿದಾಗ. ಗಟ್ಟಿಯಾಗಿ ತಟ್ಟಬೇಕೋ ಬೇಡವೋ ಎಂದು ಅವರಿಗೂ ತಿಳಿದಿರಲಿಲ್ಲ. ಮರುವಾರ ಅಭ್ಯಾಸಬಲದಿಂದ ತನ್ನದೇ ಕೋಡ್ ತೆರೆಯಲು ಹೋದರೆ ನಿಮಗೆ ಅನುಮತಿ ಇಲ್ಲ ಎಂದು ಬಂತು. ಕಿರಣ್‌ನನ್ನು ಕೇಳಿದಳು. ಪ್ರೊಸೆಸ್ ಹಾಗೇ ಮೇಡಂ ಅಂದ. ಮೇಡಂ ಅಂದದ್ದು ಅದೇ ಮೊದಲು. ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಹಿಂದೆ ಒಂದು ಕೆಲಸ ಆಗಬೇಕಿದ್ದರೆ ಮಾಡುತ್ತಿದ್ದಳು. ಈಗ ಆಗಬೇಕು ಎಂದು ಬರೆದು ಕಳಿಸಬೇಕು, ಯಾಕೆ ಆಗಬೇಕು ಎಂದು ವಿವರಿಸಬೇಕು, ಆಮೇಲೆ ಯಾಕೆ ಆಗಲಿಲ್ಲ ಎಂದು ಮೇಲಿನವರಿಗೆ ಉತ್ತರ ಕೊಡಬೇಕು. ಯಾರೂ ಅವಳ ಕೈಕೆಳಗಿಲ್ಲ, ಎಲ್ಲದಕ್ಕೂ ಅವಳೇ ಹೊಣೆ. ನೋಡೋಣ ಎನ್ನುವ ಮಾತು ಅವಳ ಬಾಯಿಗೆ ಬಂದದ್ದು ಈ ಕೆಲಸದಲ್ಲಿ. ಗ್ರಾಹಕರಿಗೆ ನೋಡೋಣ, ಮಾರಾಟದವರಿಗೆ ನೋಡೋಣ, ಊಟಕ್ಕೆ ಏನು ಮಾಡಲಿ ಎಂದು ಅತ್ತೆ ಕೇಳಿದರೂ ನೋಡೋಣ.

ಅವರ ಕಂಪನಿ ಮಾಡುತ್ತಿದ್ದದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ತೂಗುಹಾಕುವ ಒಂದು ಸಣ್ಣ ಡಬ್ಬಿ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಒಳಗೆ ಸಾಲಾಗಿ ಏರಿಸಿ ಒಲೆಗೆ ಸೌದೆ ಒಟ್ಟಿದ ಮೇಲೆ ಹಗಲೂ ರಾತ್ರಿ ಶಾಖ ಕಾಯಬೇಕು. ಇಳಿದರೆ ಸೊಪ್ಪು ಕಪ್ಪಾಗುತ್ತದೆ, ಏರಿದರೆ ಸೀಯುತ್ತದೆ, ಒಣಗಿದ ಒಂದು ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಶಾಖ ಹದ ತಪ್ಪಿದರೆ ಡಬ್ಬಿ ರೈತನ ಫೋನಿಗೆ ಕರೆ ಮಾಡುತ್ತಿತ್ತು. ಅವನು ‘ನೋಡಿದೆ’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಎರಡನೆಯ ಕರೆ ಅವನ ಹೆಂಡತಿಗೋ ತಮ್ಮನಿಗೋ ನೆರೆಯವನಿಗೋ ಹೋಗುತ್ತಿತ್ತು. ಆ ಎರಡನೆಯ ಕರೆ ಬರೆದವಳು ನೀಲಾಂಬಿಕೆ. ಮ್ಯಾನೇಜರ್ ಆದ ಮೇಲೆ ಅವಳು ತೆಗೆದುಕೊಂಡ ಮೊದಲ ತೀರ್ಮಾನ ಅದನ್ನು ತೆಗೆಸಿಹಾಕುವುದು. ಈಗ ಅವರು ಹೊರಟಿದ್ದ, ಹನಗೋಡಿನಾಚೆಯ ಈ ಊರಿನಲ್ಲಿ ಎರಡನೆಯ ಕರೆಯ ಅಗತ್ಯವೇ ಬಿದ್ದಿರಲಿಲ್ಲ. ಇಲ್ಲಿಯ ರೈತರು ಯಾವ ಹೊತ್ತಿನಲ್ಲಿ ಕರೆ ಬಂದರೂ ನಿಮಿಷದೊಳಗೆ ಗುಂಡಿ ಒತ್ತುತ್ತಿದ್ದರು. ಬಳಕೆದಾರರು ಯಂತ್ರಕ್ಕೆ ಒಗ್ಗಿದ್ದಾರೆ, ಎರಡನೆಯ ಕರೆ ದಂಡ, ಎಂದು ಅವಳು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದಳು. ಮಾತಾಡುವಾಗ ತನ್ನ ದನಿ ದೂರದಿಂದ ಕೇಳುತ್ತಿತ್ತು. ಚಪ್ಪಾಳೆ ಈ ಸಲ ಗಟ್ಟಿಯಾಗಿತ್ತು. ಬರುವ ಸೋಮವಾರದಿಂದ ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಎಲ್ಲ ಡಬ್ಬಿಗಳಿಂದಲೂ ಆ ಕರೆಯನ್ನು ತೆಗೆದುಹಾಕುವುದಿತ್ತು. ಅದಕ್ಕೆ ಮುಂಚೆ ಈ ಊರಿನವರನ್ನು ಕಂಡು, ಮಾತಾಡಿಸಿ, ಒಂದೆರಡು ಫೋಟೋ ತೆಗೆದುಕೊಂಡು ಬರೋಣ ಎಂದು ಶಿವಶಂಕರ್ ಹೊರಡಿಸಿ, ಕಾರನ್ನೂ ತಾವೇ ಓಡಿಸುತ್ತಿದ್ದರು.

ಊರ ಮುಂದಿನ ಡೇರಿಯ ಹತ್ತಿರ ಬಸವರಾಜು ಕಾಯುತ್ತಿದ್ದ. ಡಬ್ಬಿಯನ್ನು ಊರಿಗೆಲ್ಲ ಒಪ್ಪಿಸಿದವನು ಅವನೇ. ನಲವತ್ತು ದಾಟಿದ, ಒಗೆದ ಶರಟು ಹಾಕಿಕೊಂಡು ಬಂದಿದ್ದ, ನಗುಮುಖದ ಆಳು. ಊರ ಬೆನ್ನಿಗೆ ಬ್ಯಾರನ್‌ಗಳು ಸಾಲಾಗಿ ನಿಂತಿದ್ದವು. ಎಲ್ಲದರ ತಲೆಯಿಂದಲೂ ಹೊಗೆ ಎದ್ದು, ಮೇಲೆ ಹೋಗಲಾರದೆ, ಮೋಡದ ಕೆಳಗೇ ಮಲಗಿತ್ತು. ಬೇಯುವ ಸೊಪ್ಪಿನ ಸಿಹಿ ಕಮಟು ವಾಸನೆ. ಬನ್ನಿ ಸಾರ್, ಒಲೆ ತೋರಿಸ್ತೀನಿ ಎಂದು ಬಸವರಾಜು ಶಿವಶಂಕರರನ್ನೂ ಕಿರಣ್‌ನನ್ನೂ ಕರೆದುಕೊಂಡು ಹೊರಟ. ಎರಡು ಹೆಜ್ಜೆ ಹಿಂದೆ ಬಂದ ನೀಲಾಂಬಿಕೆಗೆ, ಕೆಸರದೆ ಮೇಡಂ, ನೀವು ನಮ್ಮ ದೊಡ್ಡವ್ವನ ಮನೆ ಜಗಲೀಲಿ ಕೂತಿರಿ, ಅಂದ. ಡಬ್ಬಿ ಒಲೆಯಿಂದ ಎಷ್ಟು ದೂರದಲ್ಲಿದೆ ಎಂದು ನೋಡುವುದು ತನ್ನ ಕೆಲಸ ಎಂದು ಹೇಳಬಹುದಿತ್ತು. ಗಂಡಸರು ಆಗಲೇ ತಿರುಗಿ ಹೋಗುತ್ತಿದ್ದರು. ಅವಳು ಜಗಲಿಯ ಕಡೆ ನಡೆದಳು.

ಜಗಲಿಯ ಮೇಲೆ ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಒಬ್ಬಳು ಮುದುಕಿ ಕೂತಿದ್ದಳು. ಎದುರಿಗೆ ಒಂದು ಮೊರ. ಮೊರದ ತುಂಬ ಫೋನುಗಳು. ಅಕ್ಕಿ ಹರಡಿದ ಹಾಗೆ ಒಂದರ ಪಕ್ಕ ಒಂದು, ಪ್ರತಿಯೊಂದಕ್ಕೂ ಒಂದು ಬಣ್ಣದ ನೂಲು ಕಟ್ಟಿತ್ತು. ಕೆಂಪು, ಹಸಿರು, ಹಳದಿ, ಎರಡು ಬಣ್ಣ ಹೊಸೆದದ್ದು, ಸೀರೆಯ ಅಂಚಿನಿಂದ ಹರಿದದ್ದು. ರಿಪೇರಿಗೆ ಬಂದವೇನೋ ಎಂದು ನೀಲಾಂಬಿಕೆಗೆ ಮೊದಲು ಅನ್ನಿಸಿತು. ಮುದುಕಿ, ಬಾ ತಾಯಿ, ಎಂದು ಜಾಗ ಸರಿಸಿದಳು. ಹೆಸರು ಕುಳ್ಳಮ್ಮ, ಬಸವರಾಜುವಿನ ತಂದೆಯ ಅಣ್ಣನ ಹೆಂಡತಿ. ಕೂತು ನಾಲ್ಕು ಮಾತಾಗುವಷ್ಟರಲ್ಲಿ ಮೊರದಲ್ಲಿ ಒಂದು ಫೋನು ಕೂಗಿತು. ಆ ಕೂಗನ್ನೂ ನೀಲಾಂಬಿಕೆಯೇ ಆರಿಸಿದ್ದು, ಮೈಸೂರಿನ ಆಫೀಸಿನಲ್ಲಿ, ಹತ್ತಾರು ಕೂಗುಗಳನ್ನು ಕೇಳಿಸಿಕೊಂಡು. ಕುಳ್ಳಮ್ಮ ಕೈಹಾಕಿ, ಪರದೆಯ ಕಡೆ ನೋಡದೆ ನೂಲಿನ ಕಡೆ ನೋಡಿ, ಗುಂಡಿ ಒತ್ತಿ ಎದ್ದು, ಜಗಲಿಯ ತುದಿಗೆ ಹೋಗಿ ಚಪ್ಪರದಡಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕಡೆಗೆ, ಲೇ, ನಿಮ್ಮ ಒಲೆ ಕೂಗ್ತದೆ ಓಗ್ರೇ, ಅಂದಳು. ಅಲ್ಲಿಂದ ಒಬ್ಬಳು ಸೆರಗು ಬಿಗಿದು ಓಡಿದಳು. ಕುಳ್ಳಮ್ಮ ಬಂದು ಮತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ನೀಲಾಂಬಿಕೆಗೆ ಎಲ್ಲವೂ ಒಮ್ಮೆಗೇ ತಿಳಿಯಿತು, ಆದರೂ ಕೇಳಿದಳು. ಮುದುಕಿ ಹೇಳಿದಳು. ಸೊಪ್ಪು ಮುರಿದ ಕೈ, ಸೊಪ್ಪು ಕಟ್ಟಿದ ಕೈ, ಎಲ್ಲರದೂ ಕಪ್ಪು ಅಂಟು. ಸೋಪು ಹಾಕಿದರೂ ಹೋಗುವುದಿಲ್ಲ, ಆ ಬೆರಳಿಗೆ ಈ ಗಾಜು ಕೇಳುವುದಿಲ್ಲ. ಮೊದಮೊದಲು ಮೊಣಕೈಯಲ್ಲಿ ಒತ್ತಿ ನೋಡಿದರು, ಮೂಗಿನಲ್ಲಿ ಒತ್ತಿ ನೋಡಿದರು, ಒಬ್ಬರನ್ನೊಬ್ಬರು ಕಂಡು ನಕ್ಕರು. ಆಮೇಲೆ ಕುಳ್ಳವ್ವ ಹೆಂಗೂ ಸುಮ್ಮನೆ ಕೂತಿರ್ತಾಳೆ ಎಂದು ತಂದಿಟ್ಟರು, ಗುರುತಿಗೆ ಮನೆಗೊಂದು ನೂಲು ಅವಳೇ ಕಟ್ಟಿಕೊಂಡಳು. ಹಗಲು ಇಟ್ಟವರು ರಾತ್ರಿಯೂ ಇಟ್ಟರು. ಮೈ ಮುರಿಯುವಂತೆ ದುಡಿದವರು, ನಿದ್ದೆ ಮಾಡಲಿ. ಗಂಡ ಸತ್ತಾಗಿನಿಂದ ಕುಳ್ಳಮ್ಮನಿಗೆ ನಿದ್ದೆ ಇಲ್ಲ ಎನ್ನುವುದು ಊರಿಗೆಲ್ಲ ಗೊತ್ತಿದ್ದದ್ದೇ. ಯಾರ ಮನೆಯಲ್ಲಿ ಹೆಣ ಕಾಯಬೇಕಾದರೂ, ಯಾರ ಹಸು ಈಯುವುದಿದ್ದರೂ ಅವಳನ್ನೇ ಕರೆಯುತ್ತಿದ್ದರು. ಚಪ್ಪರದ ಹೆಂಗಸರಲ್ಲಿ ಒಬ್ಬಳು ಕಡ್ಡಿಗೆ ಎಲೆ ಏರಿಸುತ್ತಲೇ, ನಮ್ಮ ಕುಳ್ಳವ್ವ ನಿದ್ದೆ ಬುಟ್ಟಂಗೆ ಈಗಿನ ಹೆಂಡ್ರು ಗಂಡಂಗೋಸ್ಕರ ಒಂದು ಕಾಪಿನೂ ಬುಡಕಿಲ್ಲ ಕಣ್ರೀ, ಅಂದಳು. ಉಳಿದವರು ನಕ್ಕರು. ಕುಳ್ಳಮ್ಮ ನಗಲಿಲ್ಲ. ಹೆಂಗಸರು ತುಂಬಿದ ಕಡ್ಡಿಗಳನ್ನು ಹೊತ್ತು ಬ್ಯಾರನ್ ಕಡೆ ಹೋಗುವವರೆಗೆ ಕಾದು, ನೀಲಾಂಬಿಕೆಯ ಹತ್ತಿರಕ್ಕೆ ಜರುಗಿದಳು.

“ನೀನೇ ಏನವ್ವ ಇದಕ್ಕೆಲ್ಲ ದೊಡ್ಡೋಳು?”

ನೀಲಾಂಬಿಕೆ ಹೌದೆಂದಳೋ ಅಲ್ಲವೆಂದಳೋ ಅವಳಿಗೇ ಸ್ಪಷ್ಟವಾಗಲಿಲ್ಲ.

“ಅಂಗಾದ್ರೆ ಒಂದು ಮಾತು. ಫೋನು ಅವರವರ ತಾವೇ ಮಡಿಕಬೇಕು ಅಂತ ಕಂಪ್ನಿ ರೂಲ್ಸು ಅಂತ ಯೋಳ್ಬುಡು. ನನ್ನ ಹೆಸ್ರು ಎತ್ತಬ್ಯಾಡ.”

“ಯಾಕಜ್ಜಿ, ಕಷ್ಟ ಆಗ್ತಿದೆಯಾ?”

ಮುದುಕಿ ಚಪ್ಪರದ ಕಡೆ ಇನ್ನೊಮ್ಮೆ ನೋಡಿದಳು. “ಈಗೀಗ ನಿದ್ದೆ ಬತ್ತದೆ ಕಣವ್ವ,” ಅಂದಳು, ಕೆಟ್ಟ ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ. “ಯುಗಾದಿ ಕಳೆದ ಮ್ಯಾಲಿಂದ. ಯಾಕೆ ಬತ್ತದೋ. ಕುಂತಲ್ಲೇ ಬತ್ತದೆ. ಗ್ವಾಡೆಗೆ ಒರಗಿದ್ರೆ ಆಯ್ತು.” ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತಾಳಂತೆ, ಅಡಕೆ ದವಡೆಗಿಟ್ಟುಕೊಳ್ಳುತ್ತಾಳಂತೆ, ಮೊನ್ನೆ ತೊಡೆ ಚಿವುಟಿಕೊಂಡು ನೀಲಿಗಟ್ಟಿದೆಯಂತೆ. ಯಾರದಾದರೂ ಬ್ಯಾರನ್ ಹತ್ತಿಕೊಂಡರೆ ಅವರ ಮನೆಯವರ ಮುಖ ಹೆಂಗೆ ನೋಡ್ಲಿ. ಹೇಳುತ್ತ ಹೇಳುತ್ತ ಅವಳ ರೆಪ್ಪೆ ಭಾರವಾಗಿ ಇಳಿಯುವುದನ್ನೂ, ಅವಳು ಬೆಚ್ಚಿ ಅದನ್ನು ಎತ್ತಿಕೊಳ್ಳುವುದನ್ನೂ ನೀಲಾಂಬಿಕೆ ನೋಡಿದಳು. ಆಮೇಲೆ ಮುದುಕಿ ಇವಳ ಬರಿಯ ಕೊರಳನ್ನು ನೋಡಿ, ಇಷ್ಟು ಚಿಕ್ಕ ವಯಸ್ಸಿಗೆ, ಎಂದು ಲೊಚಗುಟ್ಟಿ, ನಿಂಗೆ ನಿದ್ದೆ ಬತ್ತದಾ ಮಗ, ಎಂದು ಕೇಳಿದಳು.

ಯಾರೂ ಕೇಳಿರಲಿಲ್ಲ. ಊಟ ಸೇರುತ್ತದೆಯೇ ಎಂದು ಕೇಳಿದ್ದರು, ಮುಂದೇನು ಯೋಚನೆ ಎಂದು ಕೇಳಿದ್ದರು. ಮಹೇಶನನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದ ರಾತ್ರಿ, ಸುತ್ತ ಅಳುವವರ ನಡುವೆ, ಅತ್ತೆಯ ಪಕ್ಕದಲ್ಲಿ ಕೂತಲ್ಲೇ ಅವಳಿಗೆ ನಿದ್ದೆ ಬಂದಿತ್ತು. ಮಂಪರಲ್ಲ, ನಿದ್ದೆ. ಕನಸೂ ಬಿದ್ದಿತ್ತು, ಏನೂ ಅಲ್ಲದ ಕನಸು, ಕೆ.ಆರ್. ನಗರದ ತವರಿನ ಹಿತ್ತಲಲ್ಲಿ ಯಾರೋ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಪಕ್ಕಕ್ಕೆ ವಾಲಿದವಳನ್ನು ಹಿಡಿದುಕೊಂಡು, ಅಯ್ಯೋ ಎಚ್ಚರ ತಪ್ಪಿದಳು, ನೀರು ತನ್ನಿ, ಅಂದರು. ಮುಖಕ್ಕೆ ನೀರು ಬಿದ್ದಾಗ ಎದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಎಷ್ಟು ಮರುಕವಿತ್ತು. ಇಲ್ಲ, ನಾನು ನಿದ್ದೆ ಮಾಡುತ್ತಿದ್ದೆ ಎಂದು ಹೇಳಲು ಆಗಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ದಿನವೂ ನಿದ್ದೆ ಬಂದಿದೆ, ತಲೆ ಇಟ್ಟ ಕೂಡಲೇ, ಕಲ್ಲಿನ ಹಾಗೆ. ಬೆಳಿಗ್ಗೆ ಎದ್ದು ಕಣ್ಣಿನ ಕೆಳಗೆ ಕಪ್ಪಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾಳೆ, ಇಲ್ಲದಿದ್ದರೆ ನಾಚಿಕೆಯಾಗುತ್ತದೆ. ಬರುತ್ತದೆ ಅಜ್ಜಿ ಎಂದು ಈಗ ಹೇಳಿಬಿಡಬಹುದಿತ್ತು. ಇವಳೊಬ್ಬಳಿಗೆ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದ ಮಾತು ಇನ್ನೊಂದಾಯಿತು.

“ನೋಡ್ತೀನಿ ಅಜ್ಜಿ,” ಅಂದಳು.

ನಿನ್ನ ಕೈಲಿ ಆಯ್ತದೆ, ನೀನು ದೊಡ್ಡೋಳು, ಎಂದು ಮುದುಕಿ ಅವಳ ಮಣಿಕಟ್ಟು ಹಿಡಿದು ಬಿಟ್ಟಳು. ಮುದುಕಿಯ ಬೆರಳುಗಳಲ್ಲಿ ಮಾತ್ರ ಅಂಟಿರಲಿಲ್ಲ. ಬೆಳ್ಳಗೆ, ಸುಕ್ಕಾಗಿ, ಬಹಳ ಹೊತ್ತು ನೀರಿನಲ್ಲಿ ಅದ್ದಿದ ಹಾಗಿದ್ದವು.

ಬ್ಯಾರನ್ ಹಿಂದಿನ ಸೂರಿನಡಿಯಲ್ಲಿ ಗಂಡಸರು ಕಾಫಿ ಕುಡಿಯುತ್ತಿದ್ದರು. ಕಿರಣ್‌ನನ್ನು ಪಕ್ಕಕ್ಕೆ ಕರೆದು, ಎರಡನೆಯ ಕರೆಯನ್ನು ತೆಗೆಯಬಾರದು, ಇಲ್ಲಿ ನಾನು ಅಂದುಕೊಂಡದ್ದು ಸರಿಯಿಲ್ಲ, ಎಂದಳು. ಅವನು ಲೋಟದೊಳಗೆ ನೋಡುತ್ತ, ಅದನ್ನು ತೆಗೆದು ಎಲ್ಲ ಪರೀಕ್ಷೆಯೂ ಮುಗಿದಿದೆ, ತೆಗೆಯಿರಿ ಎಂದು ಬರೆದುಕೊಟ್ಟವರು ನೀವೇ, ಅಂದ. ವಾಪಸು ಹಾಕುವುದು ಹತ್ತು ಸಾಲಿನ ಕೆಲಸ ಅಲ್ಲವಾ ಕಿರಣ್ ಅಂದರೆ, ಹತ್ತು ಸಾಲಿನದೇ, ಆದರೆ ಬರೆದು ಕಳಿಸಿ ಮೇಡಂ, ಈ ತಿಂಗಳು ತುಂಬಿಹೋಗಿದೆ, ಮುಂದಿನದರಲ್ಲಿ ನೋಡೋಣ, ಅಂದ. ನೋಡೋಣ ಅನ್ನುವಾಗ ಅವನ ತುಟಿ ಒಂದು ಚೂರು ಅಲುಗಿತೋ, ಅಥವಾ ಅವಳಿಗೆ ಹಾಗೆ ಕಂಡಿತೋ. ಆ ಹತ್ತು ಸಾಲೂ ಅವಳಿಗೆ ಬಾಯಿಪಾಠವಿತ್ತು. ಕಾರಿನಲ್ಲಿದ್ದ ಲ್ಯಾಪ್‌ಟಾಪು ಕೊಟ್ಟರೆ ಈ ಸೂರಿನಡಿಯಲ್ಲೇ, ಕಾಫಿ ಆರುವುದರೊಳಗೆ ಬರೆದುಬಿಡಬಲ್ಲಳು. ಬೆರಳುಗಳು ತಾವಾಗಿಯೇ ಸಣ್ಣಗೆ ಮಿಡುಕಿದವು. ಅವುಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಶಿವಶಂಕರರಿಗೆ ಹೇಳುವಾಗ ಕುಳ್ಳಮ್ಮನ ನಿದ್ದೆಯ ವಿಷಯ ಬಿಟ್ಟು ಉಳಿದುದನ್ನೆಲ್ಲ ಹೇಳಿದಳು. ಮೊರ, ನೂಲು, ಅಂಟಿನ ಕೈ. ತಾನು ಗೋಡೆಯ ಮೇಲೆ ತೋರಿಸಿದ್ದು ಊರಿನವರ ಚುರುಕಲ್ಲ, ಒಬ್ಬ ಮುದುಕಿಯ ಎಚ್ಚರ. ಬೇರೆ ಊರುಗಳಲ್ಲಿ ಇಂಥವಳು ಇರುವುದಿಲ್ಲ, ಅಲ್ಲಿ ಕರೆ ಬಂದರೆ ಮಲಗಿದವರು ಮಲಗಿಯೇ ಇರುತ್ತಾರೆ. ಹೇಳಿ ಮುಗಿಸಿ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತಳು. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು. ಅವರ ಮುಖ ಅರಳಿತು. ಅವರು ಕೆಟ್ಟವರಲ್ಲ. ಮಹೇಶನ ಮಣ್ಣಿಗೆ ಬಂದು ಸುಡುಬಿಸಿಲಲ್ಲಿ ಕೊನೆಯವರೆಗೂ ನಿಂತಿದ್ದವರು.

“ನೀಲಾ, ಇದಕ್ಕೇ ನಿಮ್ಮನ್ನ ಈ ಕೆಲಸಕ್ಕೆ ಹಾಕಿದ್ದು,” ಅಂದರು. “ಕೋಡ್ ಬರೀತಾ ಕೂತಿದ್ರೆ ಇದು ಕಾಣ್ತಿತ್ತಾ ನಿಮಗೆ? ಪ್ರತಿ ಊರಲ್ಲೂ ಒಬ್ಬ ಕುಳ್ಳಮ್ಮನ್ನ ಹುಡುಕೋಣ.”

ಸೋಮವಾರದ ಬದಲಾವಣೆ ಅಂದುಕೊಂಡ ಹಾಗೇ ಆಗಲಿ, ಹಿಂದೆಯೇ ಈ ಹೊಸ ಯೋಜನೆ, ಹೆಸರು ನೀವೇ ಯೋಚಿಸಿ, ಅಂದರು. ಯೋಚಿಸುವಷ್ಟರಲ್ಲಿ ಕಿರಣ್‌ನನ್ನು ಹನಗೋಡಿಗೆ ಅಟ್ಟಿ ಶಾಲು, ಪೇಟ, ಹಾರ, ಹಣ್ಣು ತರಿಸಿದರು. ಬಸವರಾಜು ಊರೊಳಗೆ ಹೋಗಿ ಜನರನ್ನು ಕರೆತಂದ. ನೀಲಾಂಬಿಕೆ ಬೇಡವೆಂದಳು, ಎರಡು ಸಲ ಅಂದಳು. ಎರಡನೆಯ ಸಲ ಅವರು ಅವಳ ಭುಜದ ಹತ್ತಿರ ಕೈ ತಂದು, ಮುಟ್ಟದೆ, ನಿಮ್ಮ ಸಂಕೋಚ ನನಗೆ ಗೊತ್ತು, ಆದರೆ ಹಾರ ನೀವೇ ಹಾಕಬೇಕು, ಅಂದರು.

ಡೇರಿಯ ಮುಂದೆ ಜನ ಸೇರಿದರು. ಸೊಪ್ಪಿನಿಂದ ಎದ್ದು ಬಂದವರು, ಕಪ್ಪು ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ನಿಂತಿದ್ದರು. ಕುಳ್ಳಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು, ಅದರ ಕೆಳಗಿಂದ ಅವಳು ನೀಲಾಂಬಿಕೆಯನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ರೂಲ್ಸು ಅಂತ ಹೇಳುತ್ತಾಳೆ, ಎನ್ನುವ ನೋಟ. ಶಿವಶಂಕರ್ ಮಾತಾಡಿದರು, ಬಸವರಾಜು ಮಾತಾಡಿದ, ಆಮೇಲೆ ಮೇಡಂ ಎರಡು ಮಾತು ಅಂದರು. ನೀಲಾಂಬಿಕೆ ಎದ್ದು ನಿಂತು, ಇನ್ನು ಮುಂದೆ ಫೋನುಗಳನ್ನು ಅವರವರೇ ಇಟ್ಟುಕೊಳ್ಳಬೇಕು, ಇದು ಕಂಪನಿಯ ನಿಯಮ, ಅಂದಳು. ಜನ ಮುಖ ಮುಖ ನೋಡಿಕೊಂಡರು. ಶಿವಶಂಕರ್ ಅರ್ಥವಾಗದೆ ನಕ್ಕರು. ಹಿಂದಿನಿಂದ ಯಾರೋ, ಅಂಗಂದ್ರೆ ಈಗ ಸನ್ಮಾನ ಯಾಕೆ ಮಾಡಿದ್ರಿ, ಅಂದ. ನಗೆ ಎದ್ದಿತು. ಬಸವರಾಜು, ಯಾಕೆ ಮೇಡಂ, ಇಂಗೇ ಚೆಂದಾಗಿ ನಡೀತಾ ಅದಲ್ಲ, ಎಂದು ಮರ್ಯಾದೆಯಿಂದಲೇ ಕೇಳಿದ. ದಿನಗಟ್ಟಲೆ ಆಫೀಸಿನಲ್ಲಿ ಯಾಕೆ ಯಾಕೆ ಎಂದು ಕೇಳಿಸಿಕೊಂಡು ಉತ್ತರ ಕಟ್ಟಿಕೊಡುವುದೇ ಕಸುಬಾದವಳಿಗೆ ಆ ಹೊತ್ತಿನಲ್ಲಿ ಒಂದು ಸುಳ್ಳು ಕೂಡ ಹುಟ್ಟಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಬಾಯಿ ತಾನಾಗಿಯೇ ಬಿಚ್ಚಿಕೊಂಡಿತು.

“ಅಜ್ಜಿಗೂ ನಿದ್ದೆ ಬೇಡವಾ?”

ಹೇಳಿದ ಮೇಲೆ ಕುಳ್ಳಮ್ಮನ ಕಡೆ ನೋಡಿದಳು. ಮುದುಕಿ ತಲೆ ಬಗ್ಗಿಸಿದ್ದಳು, ಪೇಟ ಮಾತ್ರ ಕಾಣುತ್ತಿತ್ತು.

ಬಸವರಾಜು ನಕ್ಕ. ಆ ನಗೆಯಲ್ಲಿ ತಮಾಷೆ ಇರಲಿಲ್ಲ, ಪರಊರಿನವರಿಗೆ ಮನೆಯ ವಿಷಯ ತಿಳಿಸಿಕೊಡುವ ಮೆತ್ತನೆ ಇತ್ತು. “ನಮ್ಮ ದೊಡ್ಡಪ್ಪ ಓದ ದಿನ ಕಣ್ಣು ಬುಟ್ಟೋಳು ಇವತ್ತಿನ್ಗೂ ಮುಚ್ಚಿಲ್ಲ ಮೇಡಂ. ಅಂತಾ ಹೆಂಗ್ಸು.” ಆಮೇಲೆ ಕುರ್ಚಿಯ ಕಡೆ ಬಾಗಿ, ಜನರಿಗೆಲ್ಲ ಕೇಳುವ ಹಾಗೆ, “ಏನ್ ದೊಡ್ಡವ್ವ, ನಿದ್ದೆ ಬತ್ತದಾ ನಿಂಗೆ?” ಅಂದ.

ಜನ ಮುದುಕಿಯ ಕಡೆ ತಿರುಗಿದರು. ಕಪ್ಪು ಕೈಗಳ ಹೆಂಗಸರು, ಅವಳ ಗಂಡನನ್ನು ಕಂಡಿದ್ದ ಮುದುಕರು, ಸತ್ತವರ ಮನೆಯಲ್ಲಿ ಅವಳ ಪಕ್ಕ ಕೂತು ರಾತ್ರಿ ಕಳೆದವರು, ಎಲ್ಲರೂ. ನೀಲಾಂಬಿಕೆಗೆ ಆ ನೋಟದ ಪರಿಚಯವಿತ್ತು. ಮುಖಕ್ಕೆ ನೀರು ಬಿದ್ದು ಕಣ್ಣು ಬಿಟ್ಟಾಗ ಸುತ್ತ ಇದ್ದದ್ದು ಅದೇ. ಮುದುಕಿ ತಲೆ ಎತ್ತಿದಳು. ನೀಲಾಂಬಿಕೆಯನ್ನು ನೋಡಲಿಲ್ಲ.

“ಇಲ್ಲ ಕಣಪ್ಪ,” ಅಂದಳು. “ಎಲ್ಲಿ ಬತ್ತದೆ.”

ಯಾರೋ ಮೂಗು ಒರೆಸಿಕೊಂಡರು. ಚಪ್ಪಾಳೆ ಸರಿಯಾಗಿ ಬೀಳಲಿಲ್ಲ, ಅಂಟಿದ ಅಂಗೈಗಳು ಒಂದಕ್ಕೊಂದು ಕಚ್ಚಿ ಬಿಟ್ಟ ಸದ್ದು ಮಾತ್ರ ಬಂತು. ನೀಲಾಂಬಿಕೆ ಹಾರ ಹಾಕಿದಳು. ಫೋಟೋಕ್ಕೆ ಹತ್ತಿರ ಬನ್ನಿ ಎಂದು ಕಿರಣ್ ಕೈಮಾಡಿದಾಗ ಹತ್ತಿರ ಹೋದಳು. ಹಾರದ ಕೆಳಗೆ ಮುದುಕಿಯ ಎದೆ ಬೇಗ ಬೇಗ ಏರಿಳಿಯುತ್ತಿತ್ತು. ತಪ್ಪಾಯಿತು ಅಜ್ಜಿ ಎಂದು ಕಿವಿಯ ಹತ್ತಿರ ಹೇಳಬೇಕೆಂದುಕೊಂಡಳು, ಅಷ್ಟರಲ್ಲಿ ಇನ್ನೊಂದು ಫೋಟೋ ಅಂದರು.

ಜನ ಚದುರಿದರು. ಮಳೆ ಬರುವುದರೊಳಗೆ ಮುರಿದ ಸೊಪ್ಪು ಸೂರಿಗೆ ಸೇರಬೇಕಿತ್ತು, ಹೊಲದ ಕಡೆ ಓಡಿದರು. ಶಿವಶಂಕರ್ ಕಾರಿನ ಹತ್ತಿರ ನಿಂತು ಬಸವರಾಜುವಿನ ಜೊತೆ ಮಾತಾಡುತ್ತಿದ್ದರು. ಕುಳ್ಳಮ್ಮನನ್ನು ಮನೆಯವರೆಗೆ ಬಿಟ್ಟುಬರುತ್ತೇನೆಂದು ನೀಲಾಂಬಿಕೆ ಹಣ್ಣಿನ ಬುಟ್ಟಿ ಹಿಡಿದು ಜೊತೆಗೆ ನಡೆದಳು. ಜಗಲಿ ಹತ್ತಿ, ಮೊರದ ಮುಂದೆ ಕೂತು, ಮುದುಕಿ ಪೇಟ ತೆಗೆದು ಪಕ್ಕಕ್ಕಿಟ್ಟಳು, ಶಾಲನ್ನು ಹೊದ್ದೇ ಇದ್ದಳು. ಬುಟ್ಟಿ ಒಳಗಿಡಲೇ ಎಂದು ಕೇಳಿದ್ದಕ್ಕೆ ಅಲ್ಲೇ ಇಡು ಅಂದಳು. ಆಡಿದ್ದು ಅಷ್ಟೇ, ಬೈಗುಳವಿಲ್ಲ, ಬೇಸರವೂ ಇಲ್ಲ, ಬುಟ್ಟಿ ಇಡುವ ಮಾತು. ನೀಲಾಂಬಿಕೆ ಇಟ್ಟು ತಿರುಗುವಷ್ಟರಲ್ಲಿ ಮುದುಕಿಯ ಬೆನ್ನು ಗೋಡೆಗೆ ತಾಗಿತ್ತು. ತಾಗಿದ ಕೂಡಲೇ ಬಾಯಿ ಸ್ವಲ್ಪ ತೆರೆಯಿತು, ಕೈ ತೊಡೆಯಿಂದ ಜಾರಿ ಮೊರದ ಅಂಚಿನ ಮೇಲೆ ಬಿತ್ತು. ಇಷ್ಟು ಬೇಗ ಯಾರಾದರೂ ನಿದ್ದೆಗೆ ಬೀಳುವುದನ್ನು ನೀಲಾಂಬಿಕೆ ಕಂಡಿರಲಿಲ್ಲ. ತಾನು ನಿದ್ದೆಗೆ ಬೀಳುವುದನ್ನು ತಾನೇ ಕಾಣುವುದು ಸಾಧ್ಯವಿರಲಿಲ್ಲವಲ್ಲ. ಮುಖದ ಸುಕ್ಕುಗಳೆಲ್ಲ ಸಡಿಲವಾಗಿ, ಯಾರಿಗೂ ಏನೂ ಆಗಬೇಕಿಲ್ಲದ ಮುಖವಾಯಿತು. ಶಾಲನ್ನು ಎಳೆದು ಅವಳ ಪಾದದ ಮೇಲೆ ಹೊದಿಸಿ ನೀಲಾಂಬಿಕೆ ಪಕ್ಕದಲ್ಲಿ ಕೂತಳು. ಕಾರಿನ ಹಾರನ್ ಒಮ್ಮೆ ಕೇಳಿತು. ಏಳಲಿಲ್ಲ. ಇವಳು ಮಲಗಿರುವಷ್ಟು ಹೊತ್ತು ಇಲ್ಲಿ ಕೂತಿರುವುದು, ಇಷ್ಟನ್ನಾದರೂ ಮಾಡಬಹುದು ಎಂದುಕೊಂಡಳು. ಬಹಳ ದಿನಗಳ ಮೇಲೆ ಅವಳ ಕೈಗಳು ತೊಡೆಯ ಮೇಲೆ ನೆಮ್ಮದಿಯಾಗಿದ್ದವು.

ಮೊರದಲ್ಲಿ ಫೋನು ಕೂಗಿತು.

ಆ ಕೂಗು ಮುದುಕಿಯ ಕಿವಿಗೆ ಮುಟ್ಟುವ ಮುಂಚೆ ನಿಲ್ಲಿಸಬೇಕೆಂಬುದೊಂದೇ ತಲೆಯಲ್ಲಿತ್ತು. ಫೋನನ್ನು ಎತ್ತಿ ಗುಂಡಿ ಒತ್ತಿದಳು. ಕೂಗು ನಿಂತಿತು, ಪರದೆ ಬೆಳ್ಳಗಾಯಿತು. ಕರೆ ಯಾವ ಬ್ಯಾರನ್ನಿನದು, ಏರಿದ್ದೋ ಇಳಿದದ್ದೋ, ಎಲ್ಲ ಒಂದು ಕ್ಷಣ ಬಂದು ಅಳಿಸಿಹೋಗಿತ್ತು. ನೋಡಿದೆ ಎಂದ ಮೇಲೆ ನೋಡಿದವನಿಗೆ ಇನ್ನೇನು ತೋರಿಸುವುದು ಎಂದು ಅದನ್ನು ಹಾಗೆ ಬರೆದವಳೂ ಅವಳೇ. ಮೇಲಿಂದ ಕೆಳಕ್ಕೆ ಉಜ್ಜಿದಳು, ಪಕ್ಕಕ್ಕೆ ಉಜ್ಜಿದಳು, ಬೀಗದ ಗುರುತು ಕೇಳಿತು. ಫೋನಿಗೆ ಹಸಿರು ಬಿಳಿ ಹೊಸೆದ ನೂಲು ಕಟ್ಟಿತ್ತು, ಅದು ಯಾರ ಮನೆಯದೆಂದು ಬಲ್ಲವಳು ಮಲಗಿದ್ದವಳೊಬ್ಬಳೇ. ಆಫೀಸಿನ ಗೋಡೆಯ ಮೇಲೆ ಈಗ ಈ ಊರಿನ ಇನ್ನೊಬ್ಬ ಬಳಕೆದಾರ ನಿಮಿಷದೊಳಗೆ ಎಚ್ಚೆತ್ತಿದ್ದ. ಜಗಲಿಯ ತುದಿಗೆ ಹೋಗಿ ನೋಡಿದಳು. ಚಪ್ಪರ ಖಾಲಿಯಾಗಿತ್ತು. ಬ್ಯಾರನ್‌ಗಳ ಸಾಲು ನಿಂತಿತ್ತು, ಎಲ್ಲದರಿಂದಲೂ ಒಂದೇ ಬಣ್ಣದ ಹೊಗೆ, ಒಂದೇ ಎತ್ತರಕ್ಕೆ ಹೋಗಿ ಮಲಗಿತ್ತು. ಹೊಲದ ಜನ ಚುಕ್ಕೆಗಳಾಗಿದ್ದರು. ಯಾರಾದರೂ ಇದ್ದೀರಾ ಎಂದು ಕೂಗಿದಳು, ಗಾಳಿ ಅವಳ ಕಡೆಗೇ ಬೀಸುತ್ತಿತ್ತು.

ಮುದುಕಿಯ ಹತ್ತಿರ ಬಂದು ನಿಂತಳು. ಇನ್ನೂ ಒಂದು ಉಸಿರಿನಷ್ಟು ಹೊತ್ತು ನಿಂತಳು. ಆಮೇಲೆ ಬಾಗಿ, ಶಾಲಿನ ಮೇಲಿಂದ ಭುಜ ಹಿಡಿದು ಅಲುಗಿಸಿದಳು. ಮೊದಲು ಮೆತ್ತಗೆ, ಏಳಲಿಲ್ಲವೆಂದು ಜೋರಾಗಿ.

ಕುಳ್ಳಮ್ಮನ ಕಣ್ಣು ತೆರೆಯಿತು. ಎದುರಿಗಿದ್ದವಳು ಯಾರೆಂದು ತಿಳಿಯುವ ಮುಂಚೆಯೇ ಬೆನ್ನು ಗೋಡೆಯಿಂದ ಬಿಟ್ಟು ನೆಟ್ಟಗಾಗಿತ್ತು.

“ನಾನು ನಿದ್ದೆ ಮಾಡ್ತಿರ್ನಿಲ್ಲ ಕಣವ್ವ,” ಅಂದಳು.

“ಇಲ್ಲ ಅಜ್ಜಿ,” ಅಂದಳು ನೀಲಾಂಬಿಕೆ. “ನೀವು ಎದ್ದೇ ಇದ್ರಿ.” ಹಸಿರು ಬಿಳಿ ನೂಲಿನ ಫೋನನ್ನು ಅವಳ ಮುಂದೆ ಹಿಡಿದಳು.